ಚುಕ್ಕೆ ಬಿದ್ದ ಎಲೆಯನ್ನು ಬಿಡಿ, ಬರಲಿರುವ ಎಲೆಯನ್ನು ನೋಡಿಕೊಳ್ಳಿ

ಪ್ರಶ್ನೆ: ನಮ್ಮ ಮನೆ ಬನಶಂಕರಿಯಲ್ಲಿದೆ. ಎರಡನೇ ಮಹಡಿಯ ತಾರಸಿಯಲ್ಲಿ 14 ಕುಂಡಗಳಲ್ಲಿ ಗುಲಾಬಿ ಬೆಳೆಸಿದ್ದೇನೆ. ಜೂನ್‌ನಲ್ಲಿ ಮಳೆ ಹಿಡಿದಾಗಿನಿಂದ ಎಲೆಗಳ ಮೇಲೆ ಕಪ್ಪು ಚುಕ್ಕೆಗಳು ಬರುತ್ತಿವೆ. ಚುಕ್ಕೆಯ ಸುತ್ತ ಹಳದಿಯಾಗಿ, ಮುಟ್ಟಿದರೆ ಸಾಕು ಎಲೆ ಉದುರುತ್ತದೆ. ಈಗ ಆಗಸ್ಟ್. ಐದು ಗಿಡಗಳಲ್ಲಿ ತುದಿಯ ನಾಲ್ಕು ಎಲೆ ಬಿಟ್ಟರೆ ಬರೀ ಕಡ್ಡಿ ಉಳಿದಿದೆ. ಬೇವಿನ ಎಣ್ಣೆ, ಹಾಲು, ಅಡುಗೆ ಸೋಡಾ ಎಲ್ಲವನ್ನೂ ಸಿಂಪಡಿಸಿದೆ. ನರ್ಸರಿಯವರು ಕೊಟ್ಟ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಪುಡಿಯನ್ನು ಲೀಟರಿಗೆ ಒಂದು ಚಮಚದಂತೆ ಪ್ರತಿ ವಾರ ಹೊಡೆದೆ. ಕಳೆದ ಜನವರಿಯಲ್ಲಿ ಇದೇ ಗಿಡಗಳ ಮೊಗ್ಗಿನ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಆಗಿತ್ತು. ಅದೂ ಇದೇ ರೋಗವೇ? ಗಿಡಗಳನ್ನು ಕಿತ್ತು, ಮಣ್ಣನ್ನೂ ಎಸೆಯದಿದ್ದರೆ ದಾಸವಾಳ, ಮಲ್ಲಿಗೆಗೂ ಹರಡುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಕಚೇರಿಯಿಂದ ಬಂದ ಮೇಲೆ, ಸಂಜೆ ಏಳರ ಸುಮಾರಿಗೆ, ಪೈಪಿನಿಂದ ಗಿಡಗಳನ್ನು ಚೆನ್ನಾಗಿ ತೊಳೆದು ನೀರು ಹಾಕುತ್ತೇನೆ. ಹೂವು ದೇವರ ಪೂಜೆಗೆ ಬೇಕು. ಮನೆಯಲ್ಲಿ ನಾಲ್ಕು ವರ್ಷದ ಮಗುವಿದೆ. ಹಳದಿ ಹೂವಿನ ಗಿಡ ನಮ್ಮ ತಂದೆ ತಂದುಕೊಟ್ಟದ್ದು, ಎಲ್ಲಕ್ಕಿಂತ ಹೆಚ್ಚು ಸೊರಗಿರುವುದು ಅದೇ. ಏನು ಮಾಡಲಿ?

— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ನೆಮ್ಮದಿಯ ಮಾತು. ನಿಮ್ಮ ಗಿಡಗಳು ಸಾಯುತ್ತಿಲ್ಲ. ಎಲೆ ಕಳೆದುಕೊಂಡ ಗುಲಾಬಿ ಸೋತಂತೆ ಕಾಣುತ್ತದೆ, ಆದರೆ ಕಡ್ಡಿ ಹಸಿರಾಗಿದ್ದು ಬೇರು ಗಟ್ಟಿಯಾಗಿದ್ದರೆ ಅದು ಮತ್ತೆ ಚಿಗುರುತ್ತದೆ. ಉಗುರಿನಿಂದ ಕಡ್ಡಿಯ ಸಿಪ್ಪೆಯನ್ನು ಸ್ವಲ್ಪವೇ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಜೀವ ಇದೆ. ಕಿತ್ತು ಎಸೆಯುವ ಮಾತನ್ನು ಇವತ್ತೇ ಮನಸ್ಸಿನಿಂದ ತೆಗೆದುಹಾಕಿ.

ನೀವು ಬರೆದ ಲಕ್ಷಣಗಳೆಲ್ಲ ಕಪ್ಪು ಚುಕ್ಕೆ ರೋಗವನ್ನೇ ಹೇಳುತ್ತವೆ. ಇದಕ್ಕೆ ಕಾರಣ ಡಿಪ್ಲೋಕಾರ್ಪಾನ್ ರೋಸೇ ಎಂಬ ಶಿಲೀಂಧ್ರ. ಆದರೂ ಒಮ್ಮೆ ಖಚಿತಪಡಿಸಿಕೊಳ್ಳಿ. ಗಿಡದ ಬುಡದ ಕಡೆಯಿಂದ ಒಂದು ಚುಕ್ಕೆ ಎಲೆಯನ್ನು ಕಿತ್ತು ಬೆಳಕಿಗೆ ಹಿಡಿಯಿರಿ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಚುಕ್ಕೆಯ ಅಂಚು ಬಳೆಯಂತೆ ದುಂಡಗೆ, ನುಣುಪಾಗಿ ಇರುವುದಿಲ್ಲ. ಒದ್ದೆ ಕಾಗದದ ಮೇಲೆ ಮಸಿಯ ಹನಿ ಬಿದ್ದಾಗ ಸುತ್ತಲೂ ಎಳೆ ಎಳೆಯಾಗಿ ಹರಡುತ್ತದಲ್ಲ, ಹಾಗೆ ಇರುತ್ತದೆ. ಆ ಎಳೆಗಳೇ ಶಿಲೀಂಧ್ರದ ತಂತುಗಳು. ಚುಕ್ಕೆಯ ನಡುವೆ ಸೂಜಿಯ ಮೊನೆಯಷ್ಟು ಚಿಕ್ಕ ಉಬ್ಬುಗಳು ಕಂಡರೆ ಅವು ಬೀಜಕಣಗಳ ಗೂಡುಗಳು.

ಅಂಚು ನುಣುಪಾಗಿದ್ದು ನಡುವೆ ಬೂದು ಬಣ್ಣವಿದ್ದರೆ ಅದು ಬೇರೆ ಎಲೆಚುಕ್ಕೆ. ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಕಬ್ಬಿಣದ ಕೊರತೆ. ಕೊಳವೆಬಾವಿಯ ಗಡಸು ನೀರು ಹಾಕುವ ಮನೆಗಳಲ್ಲಿ ಇದನ್ನು ತುಂಬಾ ಕಾಣುತ್ತೇನೆ. ಎಲೆಯ ಮೇಲೆ ಸಣ್ಣ ಬಿಳಿ ಚುಕ್ಕಿಗಳಿದ್ದು ಕೆಳಗೆ ತೆಳ್ಳನೆಯ ಬಲೆ ಇದ್ದರೆ ಅದು ನುಸಿ, ಬೇಸಿಗೆಯ ಪೀಡೆ. ಕಬ್ಬಿಣದ ಕೊರತೆಗಾಗಲಿ ನುಸಿಗಾಗಲಿ ಚುಕ್ಕೆರೋಗದ ಶಿಲೀಂಧ್ರನಾಶಕದಿಂದ ಪ್ರಯೋಜನವಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಈ ಶಿಲೀಂಧ್ರದ ಬೀಜಕಣ ಎಲೆಯ ಮೇಲೆ ಬಿದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಅದು ಮೊಳೆತು ಎಲೆಯ ಮೇಲ್ಪೊರೆಯನ್ನು ತೂರಬೇಕಾದರೆ ಎಲೆಯ ಮೇಲೆ ನೀರು ಸುಮಾರು 7 ಗಂಟೆ ಆರದೆ ನಿಂತಿರಬೇಕು. ಅದಕ್ಕೆ ಮೊದಲೇ ಎಲೆ ಒಣಗಿದರೆ ಸೋಂಕು ಹಿಡಿಯುವುದು ಕಷ್ಟ. 20ರಿಂದ 26 ಡಿಗ್ರಿ ಉಷ್ಣಾಂಶ ಅದಕ್ಕೆ ಬಲು ಹಿತ. ಬೆಂಗಳೂರಿನ ಮಳೆಗಾಲದ ದಿನ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಒಮ್ಮೆ ಒಳಹೊಕ್ಕ ಶಿಲೀಂಧ್ರ ಮೇಲ್ಪೊರೆಯ ಅಡಿಯಲ್ಲಿ ಹರಡುತ್ತದೆ. ಕೆಲವೇ ದಿನಗಳಿಂದ ಹಿಡಿದು ಎರಡು ವಾರದೊಳಗೆ ಚುಕ್ಕೆ ಕಾಣಿಸುತ್ತದೆ. ಅಂದರೆ ಇವತ್ತು ಕಂಡ ಚುಕ್ಕೆ ಇವತ್ತಿನದಲ್ಲ, ಹೋದ ವಾರದ ಮಳೆಯದು. ಸೋಂಕು ತಗುಲಿದ ಎಲೆ ಎಥಿಲೀನ್ ಎಂಬ ಅನಿಲವನ್ನು ಹೆಚ್ಚು ಬಿಡುತ್ತದೆ, ಹಣ್ಣು ಮಾಗಿಸುವ ಅನಿಲವೇ ಅದು. ಹಾಗಾಗಿ ಎಲೆ ಹಣ್ಣಾಗಿ ತೊಟ್ಟು ಸಡಿಲಗೊಳ್ಳುತ್ತದೆ. ನೀವು ಮುಟ್ಟಿದರೆ ಉದುರುವುದು ಅದರಿಂದಲೇ.

ನಿಮ್ಮ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಸಂಜೆ ಏಳಕ್ಕೆ ಎಲೆ ತೊಳೆಯುತ್ತೀರಿ. ಆಮೇಲೆ ಬಿಸಿಲಿಲ್ಲ, ಮಳೆಗಾಲದ ರಾತ್ರಿ ಗಾಳಿಯಲ್ಲೂ ತೇವ. ಮರುದಿನ ಬೆಳಗ್ಗೆ ಎಂಟಕ್ಕೆ ಬಿಸಿಲು ಬೀಳುವವರೆಗೆ ಎಲೆ ಒಣಗುವುದಿಲ್ಲ. 13 ಗಂಟೆ! ಮಳೆಯೇ ಬಾರದ ದಿನವೂ ನಿಮ್ಮ ತಾರಸಿಯಲ್ಲಿ ಶಿಲೀಂಧ್ರಕ್ಕೆ ಬೇಕಾದಷ್ಟು ನೀರು ಸಿಗುತ್ತಿದೆ. ಇದನ್ನು ತಪ್ಪೆಂದು ಹೇಳಿ ನಿಮ್ಮ ಮನಸ್ಸು ನೋಯಿಸಲು ಬರೆಯುತ್ತಿಲ್ಲ. ದುಡಿಯುವವರ ಮನೆಗಳಲ್ಲಿ ಗಿಡಕ್ಕೆ ಸಿಗುವ ಹೊತ್ತೇ ಅದು. ಆದರೆ ನಿಮ್ಮ ಕೈಯಲ್ಲಿರುವ ಅತಿ ದೊಡ್ಡ ಔಷಧಿಯೂ ಅದೇ ಆಗಿರುವುದರಿಂದ ಬಿಡಿಸಿ ಹೇಳಬೇಕಾಯಿತು.

ಕೆಲವು ವರ್ಷಗಳ ಹಿಂದೆ ಜಯನಗರದ ಒಂದು ಮನೆಗೆ ಹೋಗಿದ್ದೆ. ತಾರಸಿಯಲ್ಲಿ ಸುಮಾರು ಇಪ್ಪತ್ತು ಗುಲಾಬಿ ಕುಂಡಗಳು, ಎಲ್ಲವೂ ಒಂದೇ ಮಣ್ಣು, ಒಂದೇ ಗೊಬ್ಬರ. ಮೂರು ಗಿಡಗಳು ಮಾತ್ರ ಬೋಳು. ಬೆಳಗಿನ ಜಾವ ಪಂಪು ಓಡಿದಾಗ ಮೇಲಿನ ಟ್ಯಾಂಕು ತುಂಬಿ ಹರಿಯುತ್ತಿತ್ತು. ಆ ನೀರು ನೆಲಕ್ಕೆ ಬಡಿದು ಸಿಡಿದು ಆ ಮೂರು ಕುಂಡಗಳ ಎಲೆ ನೆನೆಸುತ್ತಿತ್ತು. ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ ಎನ್ನುತ್ತಾರಲ್ಲ, ಅಲ್ಲಿ ಹನಿ ಟ್ಯಾಂಕಿನದು. ಕುಂಡಗಳನ್ನು ನಾಲ್ಕು ಅಡಿ ಆಚೆಗೆ ಸರಿಸಿ ಚುಕ್ಕೆ ಎಲೆ ಆರಿಸಿದೆವು, ಅಷ್ಟೇ. ಒಂದು ಹನಿ ಔಷಧಿ ಹೊಡೆಯದೆ ಮುಂದಿನ ಚಿಗುರು ಬಹುಪಾಲು ಶುದ್ಧವಾಗಿ ಬಂತು. ಅಂದಿನಿಂದ ಯಾವ ತಾರಸಿಗೆ ಹೋದರೂ ಗಿಡ ನೋಡುವ ಮೊದಲು ಟ್ಯಾಂಕಿನ ಕೊಳವೆ, ಸೋಲಾರ್‌ನ ತೊಟ್ಟಿಕ್ಕುವ ನೀರು, ಎಸಿಯ ನೀರು ಬೀಳುವ ಜಾಗ ಇವನ್ನೇ ನೋಡುತ್ತೇನೆ.

ಪಕ್ಕದ ಮನೆಯವರ ಮಾತಿಗೆ ಬರೋಣ. ಕಪ್ಪು ಚುಕ್ಕೆಯ ಶಿಲೀಂಧ್ರ ಗುಲಾಬಿ ಕುಲವನ್ನು ಬಿಟ್ಟು ಬೇರೆ ಯಾವ ಗಿಡಕ್ಕೂ ಹತ್ತುವುದಿಲ್ಲ. ನಿಮ್ಮ ದಾಸವಾಳಕ್ಕೂ ಮಲ್ಲಿಗೆಗೂ ಇದರ ಭಯವಿಲ್ಲ. ಮಲ್ಲಿಗೆಯಲ್ಲಿ ಚುಕ್ಕೆ ಕಂಡರೆ ಅದು ಅದರದೇ ಬೇರೆ ರೋಗ. ಮಣ್ಣನ್ನೂ ಎಸೆಯಬೇಕಿಲ್ಲ. ಈ ಶಿಲೀಂಧ್ರ ಒಂದು ಮಳೆಯಿಂದ ಇನ್ನೊಂದು ಮಳೆಯವರೆಗೆ ಉಳಿದುಕೊಳ್ಳುವುದು ಉದುರಿದ ಎಲೆಗಳಲ್ಲಿ ಮತ್ತು ಕಡ್ಡಿಯ ಮೇಲಿನ ಕಂದು-ನೇರಳೆ ಮಚ್ಚೆಗಳಲ್ಲಿ. ಎಲೆಯಿಂದ ಎಲೆಗೆ ಅದನ್ನು ಸಾಗಿಸುವುದು ಹೆಚ್ಚಾಗಿ ಸಿಡಿಯುವ ನೀರು. ಒದ್ದೆ ಎಲೆ ಮುಟ್ಟಿದ ನಮ್ಮ ಕೈ ಮತ್ತು ಕತ್ತರಿಯೂ ಸಾಗಿಸುತ್ತವೆ. ಆದ್ದರಿಂದ ಗಿಡ ಒದ್ದೆಯಾಗಿರುವಾಗ ಅದರಲ್ಲಿ ಕೈಯಾಡಿಸಬೇಡಿ.

ನೀವು ಬಳಸಿದ ಮನೆಮದ್ದುಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಲಾರೆ. ಹಾಲಿಗೆ ಆಧಾರವಿದೆ, ಆದರೆ ಬೇರೆ ರೋಗಕ್ಕೆ. 1999ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಪ್ರಯೋಗದಲ್ಲಿ ಹಾಲು ಬೆರೆಸಿದ ನೀರು ಜುಕಿನಿ ಎಂಬ ಕುಂಬಳ ಜಾತಿಯ ತರಕಾರಿಯ ಬೂದಿರೋಗವನ್ನು, ಅಂದರೆ ಎಲೆಯ ಮೇಲೆ ಬಿಳಿ ಹಿಟ್ಟಿನಂತೆ ಕೂರುವ ರೋಗವನ್ನು, ಹತೋಟಿಗೆ ತಂದಿತು. ಅದನ್ನು ಕೇಳಿದವರು ಎಲ್ಲ ಎಲೆರೋಗಕ್ಕೂ ಹಾಲು ಎಂದುಕೊಂಡರು. ಮಳೆಗಾಲದ ಕಪ್ಪು ಚುಕ್ಕೆಗೆ ಹಾಲನ್ನಾಗಲಿ ಮಜ್ಜಿಗೆಯನ್ನಾಗಲಿ ನೆಚ್ಚಿಕೊಳ್ಳಬೇಡಿ. ಎಲೆಯ ಮೇಲೆ ಕಪ್ಪು ಬೂಷ್ಟು ಬೇರೆ ಕೂರುತ್ತದೆ. ಅಡುಗೆ ಸೋಡಾವನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗುಲಾಬಿಯ ಮೇಲೆಯೇ ಪರೀಕ್ಷಿಸಿದ್ದಾರೆ. ತೋಟಗಾರಿಕೆಯ ತಿಳಿ ಎಣ್ಣೆಯೊಂದಿಗೆ ಬೆರೆಸಿದಾಗ ಅದು ಫಲ ಕೊಟ್ಟಿತು. ಸೋಡಾ ಮಾತ್ರ ಹಾಕಿದರೆ ಒಂದು ಮಳೆಗೆ ತೊಳೆದುಹೋಗುತ್ತದೆ. ಪ್ರಮಾಣ ಹೆಚ್ಚಿದರೆ ಎಲೆಯ ಅಂಚು ಸುಡುತ್ತದೆ, ಕುಂಡದ ಮಣ್ಣಿನಲ್ಲಿ ಸೋಡಿಯಂ ಸೇರಿಕೊಳ್ಳುತ್ತದೆ. ನೆಲದ ಗಿಡಕ್ಕಿಂತ ಕುಂಡದ ಗಿಡಕ್ಕೆ ಈ ಅಪಾಯ ಹೆಚ್ಚು. ಬೇವಿನ ಎಣ್ಣೆಗೆ ಮುನ್ನೆಚ್ಚರಿಕೆಯ ಗುಣ ಸ್ವಲ್ಪ ಮಟ್ಟಿಗಿದೆ, ಬೂದಿರೋಗಕ್ಕೂ ಸಸ್ಯಹೇನಿಗೂ ಹೆಚ್ಚು ಉಪಯೋಗ. ಎಲೆಯೊಳಗೆ ಹೊಕ್ಕ ಕಪ್ಪು ಚುಕ್ಕೆಯನ್ನು ಅದು ತೆಗೆಯಲಾರದು. ಬೇವಿನ ಹಿಂಡಿ, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸೋರ್ಷಿಯಂ ಎಂಬ ಉಪಕಾರಿ ಸೂಕ್ಷ್ಮಜೀವಿಗಳ ಮಿಶ್ರಣ ಇವೆಲ್ಲ ಬೇರಿಗೂ ಮಣ್ಣಿಗೂ ಒಳ್ಳೆಯವು. ನಾನೂ ಹಾಕಿಸುತ್ತೇನೆ. ಅವನ್ನು ಎಲೆಚುಕ್ಕೆಯ ಔಷಧಿ ಎಂದು ಮಾತ್ರ ಎಣಿಸಬೇಡಿ.

ಕಾರ್ಬೆಂಡಜಿಮ್ ವಿಷಯದಲ್ಲಿ ನನಗೆ ಬೇಸರವಾದದ್ದು ನಿಮ್ಮ ಮೇಲಲ್ಲ, "ಒಂದು ಚಮಚ" ಎಂದು ಹೇಳಿ ಕಳುಹಿಸುವ ರೂಢಿಯ ಮೇಲೆ. ಅದರ ವಾಡಿಕೆಯ ಪ್ರಮಾಣ ಲೀಟರಿಗೆ 1 ಗ್ರಾಂ. ತುಂಬಿ ತೆಗೆದ ಚಮಚದಲ್ಲಿ ಅದರ ಎರಡು ಮೂರು ಪಟ್ಟು ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ವಾರವಾರವೂ ಒಂದೇ ಔಷಧಿ. ಕಾರ್ಬೆಂಡಜಿಮ್ ಶಿಲೀಂಧ್ರದ ಒಂದೇ ಒಂದು ಮರ್ಮಕ್ಕೆ ಹೊಡೆಯುತ್ತದೆ. ಆ ಪೆಟ್ಟನ್ನು ತಾಳಿಕೊಂಡ ನಾಲ್ಕು ಕಣಗಳು ಉಳಿದರೂ ಮುಂದಿನ ಪೀಳಿಗೆ ಅವುಗಳದೇ. ಆಮೇಲೆ ನೀವು ಹೊಡೆಯುವುದು ಬರೀ ಬಿಳಿ ನೀರು. ಅದನ್ನು ಈ ಮಳೆಗಾಲಕ್ಕೆ ಪೂರ್ತಿ ನಿಲ್ಲಿಸಿ.

ಜನವರಿಯ ಬಿಳಿ ಹಿಟ್ಟು ಬೇರೆಯೇ ರೋಗ. ಅದು ಬೂದಿರೋಗ, ಪೋಡೋಸ್ಫೇರಾ ಪ್ಯಾನೋಸಾ ಎಂಬ ಶಿಲೀಂಧ್ರದ್ದು. ಇದರ ಸ್ವಭಾವ ಕಪ್ಪು ಚುಕ್ಕೆಗೆ ತಿರುವುಮುರುವು. ಇದಕ್ಕೆ ಎಲೆಯ ಮೇಲೆ ನೀರು ಬೇಡ; ನೀರು ನಿಂತರೆ ಇದರ ಕಣ ಸರಿಯಾಗಿ ಮೊಳೆಯುವುದೇ ಇಲ್ಲ. ರಾತ್ರಿ ತಂಪು ಮತ್ತು ಗಾಳಿಯಲ್ಲಿ ತೇವ, ಹಗಲು ಒಣ ಬಿಸಿಲು, ಇಷ್ಟು ಸಾಕು. ನವೆಂಬರ್‌ನಿಂದ ಫೆಬ್ರವರಿವರೆಗಿನ ಬೆಂಗಳೂರು ಅಂದರೆ ಅದೇ. ಕಪ್ಪು ಚುಕ್ಕೆ ಬುಡದ ಎಲೆಯಿಂದ ಮೇಲಕ್ಕೆ ಏರಿದರೆ, ಬೂದಿ ತುದಿಯ ಎಳೆ ಚಿಗುರು ಮತ್ತು ಮೊಗ್ಗಿನ ತೊಟ್ಟಿನಿಂದಲೇ ಶುರುವಾಗುತ್ತದೆ. ಇದು ಎಲೆಯ ಮೇಲ್ಮೈಯಲ್ಲೇ ಬದುಕುವುದರಿಂದ ಹೆಬ್ಬೆರಳಿನಿಂದ ಒರೆಸಿದರೆ ಬರುತ್ತದೆ. ಚಳಿಗಾಲದಲ್ಲಿ ಬೂದಿ ಕಂಡ ಗಿಡವನ್ನು ಬೆಳಗ್ಗೆ ಎಂಟರ ಬಿಸಿಲಿನಲ್ಲಿ ನೀರಿನಿಂದ ತೊಳೆದರೆ ಒಳ್ಳೆಯದೇ ಆಗುತ್ತದೆ. ಮಳೆಗಾಲದಲ್ಲಿ ಅದೇ ಕೆಲಸವನ್ನು ಸಂಜೆ ಮಾಡಿದರೆ ಕೆಡುಕು. ಒಂದೇ ಗಿಡ, ಒಂದೇ ನೀರು, ಎರಡು ಋತುವಿಗೆ ಎರಡು ಫಲ. "ಗುಲಾಬಿಗೆ ಎಲೆ ತೊಳೆಯಬೇಕೋ ಬಾರದೋ" ಎಂಬ ವಾದ ನಮ್ಮ ಊರಿನಲ್ಲಿ ಮುಗಿಯದಿರುವುದಕ್ಕೆ ಕಾರಣ, ಇಬ್ಬರೂ ತಮ್ಮ ತಮ್ಮ ತಿಂಗಳಲ್ಲಿ ಕಂಡದ್ದನ್ನೇ ಹೇಳುತ್ತಿರುತ್ತಾರೆ.

ಬೂದಿರೋಗಕ್ಕೆ ನೀರಿನಲ್ಲಿ ಬೆರೆಯುವ ಗಂಧಕ, ಅಂದರೆ 80 ಪ್ರತಿಶತದ ಪುಡಿ, ಲೀಟರಿಗೆ 2 ಗ್ರಾಂ ಸಾಕು. ಎರಡು ಎಚ್ಚರ ಬೇಕು. ಬಿಸಿಲು 32 ಡಿಗ್ರಿ ದಾಟುವ ದಿನ ಹೊಡೆಯಬಾರದು. ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೂ ಹೊಡೆಯಬಾರದು. ಎರಡೂ ಸೇರಿದರೆ ಎಲೆ ಸುಡುತ್ತದೆ. ಮಾರ್ಚ್ ಕೊನೆಯಲ್ಲಿ ಗಂಧಕ ಹೊಡೆದು ಚಿಗುರೆಲ್ಲ ಕಾಫಿ ಬಣ್ಣಕ್ಕೆ ತಿರುಗಿದ ಗಿಡಗಳನ್ನು ನಾನು ಕಂಡಿದ್ದೇನೆ.

ಇನ್ನು ಈ ವಾರ ಮಾಡಬೇಕಾದದ್ದು. ಮಳೆ ಬಿಡುವು ಕೊಟ್ಟ, ಎಲೆ ಒಣಗಿರುವ ಹೊತ್ತಿನಲ್ಲಿ ಕುಂಡದ ಮೇಲೂ ತಾರಸಿಯ ಮೂಲೆಯಲ್ಲೂ ಬಿದ್ದಿರುವ ಪ್ರತಿಯೊಂದು ಗುಲಾಬಿ ಎಲೆಯನ್ನು ಆರಿಸಿ. ಬೇಸರದ ಕೆಲಸ, ಆದರೆ ಔಷಧಿಯಷ್ಟೇ ಮುಖ್ಯ. ಆಮೇಲೆ ಗಿಡದಲ್ಲಿರುವ ಚುಕ್ಕೆ ಎಲೆಗಳು. ಹೆಚ್ಚು ಎಲೆ ಇರುವ ಒಂಬತ್ತು ಗಿಡಗಳಲ್ಲಿ ಚುಕ್ಕೆ ಬಿದ್ದದ್ದನ್ನೆಲ್ಲ ತೆಗೆಯಿರಿ. ಬೋಳಾಗಿರುವ ಐದರಲ್ಲಿ ಉಳಿದ ಎಲೆಗಳನ್ನು ಒಂದೇ ದಿನ ಕೀಳಬೇಡಿ. ಎಲೆಯೇ ಗಿಡದ ಅಡುಗೆಮನೆ. ಅರ್ಧಕ್ಕಿಂತ ಹೆಚ್ಚು ಹಸಿರಿರುವ ಎಲೆ ಇರಲಿ, ಹೊಸ ಚಿಗುರು ಬಂದ ಮೇಲೆ ಅದನ್ನು ತೆಗೆದರಾಯಿತು. ಎಲ್ಲ ಗಿಡಗಳಲ್ಲೂ ಮಣ್ಣಿನಿಂದ ಒಂದು ಗೇಣಿನವರೆಗೆ ಕಡ್ಡಿಯಲ್ಲಿ ಎಲೆ ಇರದಂತೆ ನೋಡಿಕೊಳ್ಳಿ, ಸಿಡಿದ ನೀರು ಮೊದಲು ತಾಕುವುದು ಅಲ್ಲಿಗೇ. ಮಣ್ಣಿನ ಮೇಲೆ ಎರಡು ಬೆರಳು ದಪ್ಪಕ್ಕೆ ತೆಂಗಿನ ನಾರು ಹಾಸಿದರೆ ಹನಿ ಬಿದ್ದರೂ ಸಿಡಿಯುವುದಿಲ್ಲ. ಆರಿಸಿದ ಎಲೆಗಳು ಮನೆಯ ಕಾಂಪೋಸ್ಟ್ ಡಬ್ಬಿಗೆ ಬೇಡ. ಡಬ್ಬಿಯಲ್ಲಿ ಶಿಲೀಂಧ್ರ ಸಾಯುವಷ್ಟು ಬಿಸಿ ಏಳುವುದನ್ನು ನಂಬಿ ಕೂರಲಾಗದು. ಕಟ್ಟಿ ಹಸಿಕಸದ ಗಾಡಿಗೆ ಕೊಟ್ಟುಬಿಡಿ.

ಕುಂಡಗಳನ್ನು ಬಿಡಿಸಿ ಇಡಿ. ಎರಡು ಗಿಡಗಳ ಎಲೆ ಒಂದಕ್ಕೊಂದು ತಾಗಬಾರದು, ನಡುವೆ ಒಂದೂವರೆ ಅಡಿಯಾದರೂ ಇರಲಿ. ತಾರಸಿಯ ಮೋಟುಗೋಡೆಯ ಮೂಲೆಯಲ್ಲಿ ಗಾಳಿ ಆಡುವುದಿಲ್ಲ. ಅಲ್ಲಿನ ಕುಂಡಗಳನ್ನು ನಡುವಿಗೆ ತನ್ನಿ, ಇಲ್ಲವೇ ಇಟ್ಟಿಗೆಯ ಮೇಲೆ ಎತ್ತರಿಸಿ. ಪೂರ್ವದ ಬಿಸಿಲು ಬೇಗ ಬೀಳುವ ಜಾಗ ಗುಲಾಬಿಗೆ ಮೀಸಲಿಡಿ. ಗುಲಾಬಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು ಎಂಬುದು ಎಲ್ಲರಿಗೂ ಗೊತ್ತು. ಆ ಬಿಸಿಲಿನಲ್ಲಿ ಬೆಳಗಿನದು ಇರಲೇಬೇಕು, ರಾತ್ರಿಯ ಹನಿಯನ್ನು ಆರಿಸುವುದು ಅದೇ. ನೀರನ್ನು ಬೆಳಗ್ಗೆ, ಬುಡಕ್ಕೆ ಮಾತ್ರ ಹಾಕಿ. ಬೆಳಗ್ಗೆ ಖಂಡಿತ ಆಗದಿದ್ದರೆ ಸಂಜೆಯೇ ಹಾಕಿ, ಆದರೆ ಪೈಪನ್ನು ಬಿಟ್ಟು ಚೊಂಬಿನಲ್ಲಿ, ಎಲೆಗೆ ಒಂದು ಹನಿಯೂ ತಾಗದಂತೆ. ಮಳೆಯ ದಿನಗಳಲ್ಲಿ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒದ್ದೆ ಇದ್ದರೆ ನೀರೇ ಬೇಡ. ಈ ಹೊತ್ತಿನಲ್ಲಿ ಯೂರಿಯಾ ಹಾಕಿ ಚಿಗುರಿಸುವ ಆತುರವೂ ಬೇಡ. ಎಳೆಯದಾಗಿ, ಮೆತ್ತಗೆ ಬಂದ ಎಲೆಗೆ ರೋಗ ಬೇಗ ಹತ್ತುತ್ತದೆ.

ಇಷ್ಟನ್ನು ಮಾಡಿ ಔಷಧಿಯನ್ನೇ ಮುಟ್ಟದೆ ಇರಬಹುದು, ಅದು ಒಂದು ದಾರಿ. ಸೆಪ್ಟೆಂಬರ್, ಅಕ್ಟೋಬರ್ ಬೆಂಗಳೂರಿನಲ್ಲಿ ಹೆಚ್ಚು ಮಳೆಯ ತಿಂಗಳುಗಳು. ಆದ್ದರಿಂದ ಸ್ವಲ್ಪ ಚುಕ್ಕೆ ಬಂದೇ ಬರುತ್ತದೆ, ಹೂವು ಕಡಿಮೆಯಾಗುತ್ತದೆ. ಗಿಡ ಸಾಯುವುದಿಲ್ಲ. ಮನೆಯಲ್ಲಿ ಚಿಕ್ಕ ಮಗುವಿರುವುದರಿಂದ ನೀವು ಇದನ್ನೇ ಆರಿಸಿಕೊಂಡರೆ ನಾನು ಬೇಡವೆನ್ನುವುದಿಲ್ಲ. ಇದರ ಜೊತೆಗೆ ಸ್ಯೂಡೋಮೊನಾಸ್ ಫ್ಲೂರೋಸೆನ್ಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾದ ಪುಡಿಯನ್ನು ಲೀಟರಿಗೆ 10 ಗ್ರಾಂನಂತೆ ಕಲಸಿ, ಸೋಸಿ, ಹತ್ತು ದಿನಕ್ಕೊಮ್ಮೆ ಎಲೆಗೆ ಕೊಡಬಹುದು. ರೋಗ ಹತ್ತದ ಎಲೆಗೆ ಇದು ತಕ್ಕಮಟ್ಟಿಗೆ ಆಸರೆಯಾಗುತ್ತದೆ. ಹತ್ತಿದ ಎಲೆಗೆ ಏನೂ ಮಾಡದು.

ಎರಡನೆಯ ದಾರಿ, ಅಳೆದು ಮಾಡುವ ಸಿಂಪಡಣೆ. ಯಾವ ಔಷಧಿಯೂ ಚುಕ್ಕೆಯನ್ನು ಅಳಿಸಿ ಎಲೆಯನ್ನು ಮತ್ತೆ ಹಸಿರು ಮಾಡುವುದಿಲ್ಲ. ಸಿಂಪಡಣೆ ಏನಿದ್ದರೂ ಮುಂದೆ ಬರುವ ಎಲೆಯ ರಕ್ಷಣೆಗೆ. ಹೊಡೆದ ಮೇಲೂ ಹಳೆಯ ಎಲೆ ಉದುರಿತೆಂದು ಔಷಧಿ ಸೋತಿತು ಅಂದುಕೊಳ್ಳಬೇಡಿ, ಹೊಸ ಎಲೆ ಹೇಗಿದೆ ಎಂದು ನೋಡಿ. ಮೇಲ್ಮೈಗೆ ಕವಚದಂತೆ ಕೂರುವ ಮ್ಯಾಂಕೋಜೆಬ್ ಅಥವಾ ಕ್ಲೋರೋಥಲೋನಿಲ್, ಲೀಟರಿಗೆ 2 ಗ್ರಾಂ, ಇವೆರಡರಲ್ಲಿ ಒಂದನ್ನು ಬುನಾದಿಯಾಗಿಟ್ಟುಕೊಳ್ಳಿ. ಇವು ಶಿಲೀಂಧ್ರದ ಹಲವು ಮರ್ಮಗಳಿಗೆ ಒಟ್ಟಿಗೆ ಹೊಡೆಯುವುದರಿಂದ ಅದು ಸುಲಭವಾಗಿ ಒಗ್ಗಿಕೊಳ್ಳಲಾರದು. ಮಳೆಯ ದಿನಗಳಲ್ಲಿ 7ರಿಂದ 10 ದಿನಕ್ಕೊಮ್ಮೆ. ರೋಗ ಜೋರಾಗಿರುವ ಈಗ, ನಡುವೆ ಒಂದು ಬಾರಿ ಎಲೆಯೊಳಗೆ ಇಳಿಯುವ ಔಷಧಿ ಕೊಡಬಹುದು. 5 ಪ್ರತಿಶತದ ಹೆಕ್ಸಾಕೊನಜೋಲ್ ಆದರೆ ಲೀಟರಿಗೆ 1 ಮಿಲಿ, 25 ಪ್ರತಿಶತದ ಡೈಫೆನಕೊನಜೋಲ್ ಆದರೆ ಅರ್ಧ ಮಿಲಿ. ಎರಡೂ ಒಂದೇ ಗುಂಪಿನವು, ಹಾಗಾಗಿ ಎರಡರಲ್ಲಿ ಒಂದೇ. ಇಡೀ ಮಳೆಗಾಲಕ್ಕೆ ಎರಡು ಬಾರಿ ಮೀರದಿರಲಿ. ಪೊಟ್ಟಣದ ಚೀಟಿಯಲ್ಲಿ ಬೇರೆ ಪ್ರಮಾಣ ಬರೆದಿದ್ದರೆ ಚೀಟಿಯ ಮಾತೇ ಕೊನೆಯದು.

14 ಕುಂಡಗಳಿಗೆ ಒಂದೂವರೆಯಿಂದ ಎರಡು ಲೀಟರ್ ದ್ರಾವಣ ಸಾಕು. ಗ್ರಾಂ ಅಳೆಯುವ ಚಿಕ್ಕ ತಕ್ಕಡಿಯೊಂದನ್ನು ಇದಕ್ಕೆಂದೇ ತಂದಿಟ್ಟುಕೊಳ್ಳಿ, ಅಡುಗೆಮನೆಯ ಚಮಚ ಬೇಡ. ಮಿಲಿಗೆ ಸೂಜಿಯಿಲ್ಲದ ಸಿರಿಂಜು ಒಳ್ಳೆಯದು. ಗುಲಾಬಿ ಎಲೆ ನುಣುಪಾಗಿರುವುದರಿಂದ ಔಷಧಿಯನ್ನು ಎಲೆಗೆ ಹಿಡಿಸುವ ಅಂಟು ದ್ರಾವಣವನ್ನು ಲೀಟರಿಗೆ ಅರ್ಧ ಮಿಲಿ ಸೇರಿಸಿ. ಎಲೆಯ ಕೆಳಮೈ ಮೊದಲು, ಮೇಲ್ಮೈ ಆಮೇಲೆ. ಎಲೆಯ ತುದಿಯಿಂದ ಹನಿ ತೊಟ್ಟಿಕ್ಕುವ ಹಂತಕ್ಕೆ ಬಂದಾಗ ನಿಲ್ಲಿಸಿ. ಬೆಳಗ್ಗೆ ಗಾಳಿ ಏಳುವ ಮೊದಲು ಹೊಡೆದರೆ ಮಧ್ಯಾಹ್ನದ ಮಳೆಗೆ ಮೊದಲು ಒಣಗಿ ಹಿಡಿದುಕೊಳ್ಳುತ್ತದೆ. "ಮಳೆ ನಿಲ್ಲಲಿ, ಆಮೇಲೆ ಹೊಡೆಯೋಣ" ಎಂದು ವಾರಗಟ್ಟಲೆ ಕಾಯುವವರು ಬಹಳ ಜನ. ಕವಚವನ್ನು ಯುದ್ಧಕ್ಕೆ ಮೊದಲೇ ತೊಡಬೇಕು.

ಮಲೆನಾಡಿನ ನೆಂಟರಿರುವ ಮನೆಗಳಲ್ಲಿ ಇನ್ನೊಂದು ಸಲಹೆ ಬಂದೇ ಬರುತ್ತದೆ: "ಅಡಿಕೆಗೆ ಹೊಡೆಯುವ ಬೋರ್ಡೋ ಹೊಡೆಯಿರಿ." ಮೈಲುತುತ್ತ ಮತ್ತು ಸುಣ್ಣದ ಈ ದ್ರಾವಣದ ಮೇಲೆ ನನಗೆ ತುಂಬು ಗೌರವವಿದೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಇದನ್ನು ಬಳಸುವುದನ್ನು ತೋರಿಸಿಕೊಟ್ಟಾಗ ತೋಟಗಳಿಗೆ ತೋಟಗಳೇ ಉಳಿದವು. ಆದರೆ ಗುಲಾಬಿಯ ಎಳೆ ಎಲೆ ಅಡಿಕೆಯ ಗೊನೆಯಲ್ಲ. ತಂಪು, ಮೋಡದ ದಿನಗಳಲ್ಲಿ ತಾಮ್ರ ಅದರ ಮೇಲೆ ನೇರಳೆ ಚುಕ್ಕೆ ಬೀಳಿಸುತ್ತದೆ, ಅದನ್ನೂ ರೋಗವೆಂದು ತಿಳಿದು ಮತ್ತೆ ಹೊಡೆಯುತ್ತಾರೆ. ಕತ್ತರಿಸಿದ ಬೋಳು ಕಡ್ಡಿಗಷ್ಟೇ ತಾಮ್ರವನ್ನು ಮೀಸಲಿಡಿ.

ಮಗು ಮತ್ತು ಪೂಜೆಯ ವಿಷಯ. ಔಷಧಿ ಪೊಟ್ಟಣದ ಮೇಲೆ ಒಂದು ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಮನೆಯ ತಾರಸಿಗೆ ಕೆಂಪು, ಹಳದಿ ತ್ರಿಕೋನದ ಯಾವುದನ್ನೂ ತರಬೇಡಿ. ಹಸಿರು ಎಂದರೆ ನಿರಪಾಯ ಎಂದೂ ಅಲ್ಲ. ಕೈಗವಸು, ಮುಖಗವಸು, ತುಂಬು ತೋಳಿನ ಬಟ್ಟೆ ಬೇಕು. ಹೊಡೆಯುವ ದಿನ ಒಣಹಾಕಿದ ಬಟ್ಟೆ, ಹಪ್ಪಳ ತಾರಸಿಯಲ್ಲಿ ಇರಬಾರದು, ಟ್ಯಾಂಕಿನ ಮುಚ್ಚಳ ಮುಚ್ಚಿರಬೇಕು. ಆ ದಿನವೂ ಮರುದಿನವೂ ಮಗುವನ್ನು ಮೇಲೆ ಬಿಡಬೇಡಿ. ಉಳಿದ ಪುಡಿಯನ್ನು ಬೇರೆ ಡಬ್ಬಿಗೆ, ಅದರಲ್ಲೂ ತಿಂಡಿಯ ಡಬ್ಬಿಗೆ ಎಂದೂ ಸುರಿಯಬೇಡಿ.

ಹೂವನ್ನು ಸಿಂಪಡಣೆಗೆ ಮೊದಲೇ ಕೊಯ್ದುಕೊಳ್ಳಿ, ಗಣೇಶನ ಹಬ್ಬಕ್ಕೂ ಹಾಗೆಯೇ ಲೆಕ್ಕ ಹಾಕಿ. ಹೊಡೆದ ಮೇಲೆ ಅರಳಿದ ಹೂವನ್ನು ದೇವರ ಪಟಕ್ಕೆ ಮುಡಿಸಬಹುದು. ಆದರೆ ತೀರ್ಥದ ಬಟ್ಟಲಿಗೆ ಅದರ ಎಸಳು ಬೀಳಬಾರದು, ನೈವೇದ್ಯದ ಮೇಲೆ ಇಡಬಾರದು. ನಿಮ್ಮಲ್ಲಿ ಪನ್ನೀರು ಗುಲಾಬಿ ಇದ್ದು ಗುಲ್ಕನ್ ಮಾಡುವ ರೂಢಿ ಇದ್ದರೆ ಆ ಗಿಡವನ್ನು ದೂರ ಇಡಿ. ತಿನ್ನುವ ಎಸಳಿನ ಗಿಡಕ್ಕೆ ಈ ರಾಸಾಯನಿಕಗಳಲ್ಲಿ ಒಂದೂ ಬೇಡ.

ಗಿಡ ಸವರುವುದನ್ನು ಮಳೆ ಕಳೆಯುವವರೆಗೆ ತಡೆದಿಡಿ. ಈಗ ಒಣಗಿದ ಕಡ್ಡಿ ಮಾತ್ರ ತೆಗೆಯಿರಿ. ಮಳೆಯಲ್ಲಿ ಬಲವಾಗಿ ಸವರಿದರೆ ಕತ್ತರಿಸಿದ ಬಾಯಿಯಿಂದ ತುದಿ ಒಣಗುವ ರೋಗ ಇಳಿಯುತ್ತದೆ. ಅದು ಎಲೆಯೊಂದಿಗೆ ನಿಲ್ಲದೆ ಗಿಡವನ್ನೇ ಕೊಲ್ಲಬಲ್ಲದು, ಕಪ್ಪು ಚುಕ್ಕೆಗಿಂತ ನಾನು ಹೆದರುವುದು ಅದಕ್ಕೆ. ನವೆಂಬರ್‌ನಲ್ಲಿ ಒಣ ಹವೆ ನೆಲೆಗೊಂಡ ಮೇಲೆ ಕಂದು-ನೇರಳೆ ಮಚ್ಚೆಯಿರುವ ಕಡ್ಡಿಗಳನ್ನೆಲ್ಲ ಹಸಿರು ಸಿಗುವವರೆಗೆ ಕತ್ತರಿಸಿ. ಹೊರಮುಖದ ಕಣ್ಣಿನ ಮೇಲೆ ಒಂದು ಸೆಂಟಿಮೀಟರ್‌ನಷ್ಟು ಬಿಟ್ಟು ಓರೆಯಾಗಿ ಕತ್ತರಿಸಿ, ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಉಳಿದ ಹಳೆಯ ಎಲೆಗಳನ್ನು ಆ ದಿನ ಪೂರ್ತಿ ತೆಗೆದುಬಿಡಿ. ಅದೇ ಔಷಧಿಯನ್ನು ಲೀಟರಿಗೆ 3 ಗ್ರಾಂನಂತೆ ಬೋಳು ಕಡ್ಡಿಗೆ ಒಮ್ಮೆ ಹೊಡೆಯಿರಿ. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಸವರಿದ 45ರಿಂದ 50 ದಿನಕ್ಕೆ ಹೂವು ಬರುತ್ತದೆ. ಲಾಲ್‌ಬಾಗಿನ ಗಣರಾಜ್ಯೋತ್ಸವದ ಪ್ರದರ್ಶನದ ಹೊತ್ತಿಗೆ ನಿಮ್ಮ ತಾರಸಿಯೂ ತುಂಬಿರಬೇಕೆಂದಿದ್ದರೆ ಡಿಸೆಂಬರ್ ಮೊದಲ ವಾರ ಸರಿಯಾದ ಕಾಲ. ಆ ಚಿಗುರಿಗೆ ಮಳೆಯ ಕಾಟವಿಲ್ಲ, ಬೂದಿಯ ಮೇಲೆ ಕಣ್ಣಿಟ್ಟರೆ ಸಾಕು.

ಕೊನೆಗೆ ನಿಮ್ಮ ತಂದೆಯವರು ತಂದ ಹಳದಿ ಗಿಡ. ಅದೇ ಹೆಚ್ಚು ಸೊರಗಿದ್ದು ನಿಮ್ಮ ಆರೈಕೆಯ ಕೊರತೆಯಿಂದಲ್ಲ. ಇಂದಿನ ಹಳದಿ ಗುಲಾಬಿಗಳ ಬಣ್ಣ ಬಹುಪಾಲು ಬಂದಿರುವುದು ರೋಸಾ ಫೀಟಿಡಾ ಎಂಬ ಪಶ್ಚಿಮ ಏಷ್ಯಾದ ಕಾಡು ಗುಲಾಬಿಯಿಂದ. ಫ್ರಾನ್ಸಿನ ಜೋಸೆಫ್ ಪರ್ನೆ ದುಷೆ ಅದನ್ನು ತೋಟದ ಗುಲಾಬಿಗೆ ಬೆಸೆದು 1900ರಲ್ಲಿ ಸೊಲೈ ದೋರ್ ಎಂಬ ತಳಿಯನ್ನು ಹೊರತಂದರು. ಆ ಕಾಡು ಗುಲಾಬಿ ಕಪ್ಪು ಚುಕ್ಕೆಗೆ ಬಹಳ ಬೇಗ ತುತ್ತಾಗುವಂಥದು. ಬಣ್ಣದ ಜೊತೆಗೆ ಆ ದೌರ್ಬಲ್ಯವೂ ಸಂತತಿಗೆ ಇಳಿದು ಬಂತು. ಹಾಗಾಗಿ ನಿಮ್ಮ ತಾರಸಿಯಲ್ಲಿ ಮೊದಲ ಬಿಸಿಲು ಬೀಳುವ ಜಾಗ, ಮೇಲೆ ಮಳೆ ತಡೆಯುವ ಸೂರಿನ ಅಂಚಿದ್ದರೆ ಇನ್ನೂ ಒಳ್ಳೆಯದು, ಅದಕ್ಕೇ ಕೊಡಿ. ಉಳಿದ ಗಿಡಗಳಿಗೆ ಔಷಧಿ ಬೇಡವೆಂದು ತೀರ್ಮಾನಿಸಿದರೂ ಇದೊಂದಕ್ಕೆ ಅಕ್ಟೋಬರ್ ಮುಗಿಯುವವರೆಗೆ ಸಿಂಪಡಣೆ ಮಾಡಿ. ನವೆಂಬರ್, ಡಿಸೆಂಬರ್‌ನಲ್ಲಿ ಗಿಡ ಚೇತರಿಸಿಕೊಂಡಾಗ, ಮಚ್ಚೆಯಿಲ್ಲದ, ಹೂವು ಬಿಟ್ಟು ಮುಗಿದ ಒಂದು ಕಡ್ಡಿಯನ್ನು ಆರಿಸಿ, ಕಸಿ ಬಲ್ಲವರಿಂದ ಅದರ ಎರಡು ಮೂರು ಕಣ್ಣುಗಳನ್ನು ಹೊಸ ಬೇರುಗಿಡಕ್ಕೆ ಕಟ್ಟಿಸಿ. ಮೂರು ವಾರದಲ್ಲಿ ಕಣ್ಣು ಹಸಿರಾಗಿಯೇ ಉಳಿದಿದ್ದರೆ ಕಸಿ ಹಿಡಿದಿದೆ ಎಂದರ್ಥ. ಒಂದು ಕುಂಡವನ್ನು ನಿಮ್ಮಲ್ಲಿಟ್ಟುಕೊಳ್ಳಿ, ಇನ್ನೊಂದನ್ನು ಒಡಹುಟ್ಟಿದವರ ಮನೆಗೆ ಕೊಡಿ.